ಕಾಡು ತಟಸ್ಥವಲ್ಲ: ಬರ್ಮಾ–ಮಲಯ ರಣರಂಗದ ಬೇಹುಗಾರಿಕೆ ಮತ್ತು ಸ್ಮೃತಿಕಥನಗಳ ಮೌನ

ಎರಡನೆಯ ಮಹಾಯುದ್ಧದ ಏಷ್ಯಾ ರಣರಂಗವನ್ನು ಕುರಿತ ಇಂಗ್ಲಿಷ್ ಸ್ಮೃತಿಕಥನಗಳಲ್ಲಿ ಫ್ರೆಡ್ಡಿ ಸ್ಪೆನ್ಸರ್ ಚಾಪ್‌ಮನ್‌ನ ಗ್ರಂಥಕ್ಕೆ ವಿಶೇಷ ಸ್ಥಾನವಿದೆ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾದ ಮೇಲೂ ಮಲಯದ ಕಾಡಿನಲ್ಲಿಯೇ ಉಳಿದು, ಮೂರು ವರ್ಷಗಳಿಗೂ ಮೀರಿ ಅಲ್ಲಿ ಬದುಕಿದ ಈ ಬ್ರಿಟಿಷ್ ಅಧಿಕಾರಿ ತನ್ನ ಅನುಭವವನ್ನು 1949ರಲ್ಲಿ ಪ್ರಕಟಿಸಿದನು. 'ದಿ ಜಂಗಲ್ ಈಸ್ ನ್ಯೂಟ್ರಲ್' ಎಂಬುದು ಆ ಗ್ರಂಥದ ಹೆಸರು. ಕಾಡು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದು ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅಲ್ಲಿ ಉಳಿಯುವುದೂ ಅಳಿಯುವುದೂ ಮನುಷ್ಯನ ಮನೋಧರ್ಮವನ್ನು ಅವಲಂಬಿಸಿದೆ ಎಂಬುದು ಆ ಹೆಸರಿನ ತಾತ್ಪರ್ಯ. ಸೈನಿಕನಿಗೆ ನೀಡುವ ಉಪದೇಶವಾಗಿ ಈ ಮಾತು ಸರಿ. ಚರಿತ್ರೆಯ ಹೇಳಿಕೆಯಾಗಿ ತೆಗೆದುಕೊಂಡರೆ ಇದು ತಪ್ಪು. ತಪ್ಪಷ್ಟೇ ಅಲ್ಲ, ಅನ್ಯಾಯ.

ಕಾಡು ತಟಸ್ಥವಾಗಿ ಕಾಣುವುದು ಹೊರಗಿನಿಂದ ಬಂದು ಮತ್ತೆ ಹೊರಗೆ ಹೋಗಬಲ್ಲವನಿಗೆ ಮಾತ್ರ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಬಿತ್ತಿ, ಅಲ್ಲಿಯೇ ಸತ್ತವರನ್ನು ಹೂಳುವವರಿಗೆ ಅದು ಊರು. ಎರಡು ಸೈನ್ಯಗಳು ಊರೊಳಗೆ ನುಗ್ಗಿದಾಗ ಊರಿನವರಿಗೆ ತಟಸ್ಥರಾಗಿ ಉಳಿಯುವ ಅವಕಾಶವಿರುವುದಿಲ್ಲ. ಒಬ್ಬನಿಗೆ ಅಕ್ಕಿ ಕೊಟ್ಟರೆ ಇನ್ನೊಬ್ಬ ಮನೆಗೆ ಬೆಂಕಿಯಿಡುತ್ತಾನೆ. ಕೊಡದಿದ್ದರೆ ಮೊದಲಿನವನೇ ಕಿತ್ತುಕೊಳ್ಳುತ್ತಾನೆ. ಶತ್ರುವಿನ ಹಿಡಿತದಲ್ಲಿದ್ದ ಕಾಡುಗಳಲ್ಲಿ ನಡೆದ ಬೇಹುಗಾರಿಕೆಯ ಚರಿತ್ರೆ ಎಂದರೆ ಈ ಸಂಕಟದ ನಡುವೆ ಒಂದು ಪಕ್ಷವನ್ನು ಆರಿಸಿಕೊಂಡವರ ಚರಿತ್ರೆ. ಅದು ಇಂದು ಓದಲು ದೊರೆಯುವುದಾದರೋ ಒಬ್ಬಂಟಿ ಅಧಿಕಾರಿಯ ಸಾಹಸಕಥೆಯಾಗಿ. ಈ ರೂಪಾಂತರವು ಹೇಗೆ ನಡೆಯಿತು, ಸಾಹಿತ್ಯದ ವಿದ್ಯಾರ್ಥಿಗಳೂ ಸಂಶೋಧಕರೂ ಅದನ್ನು ಏಕೆ ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದಾರೆ ಎಂಬುದು ವಿಚಾರಾರ್ಹ.

ಸುದ್ದಿ ಯಾರದು?

ಮೊದಲು ಕಾಡಿನ ಬೇಹುಗಾರಿಕೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಗರದ ಗೂಢಚಾರನು ಕಡತಗಳನ್ನು ಕದಿಯುತ್ತಾನೆ, ಅಧಿಕಾರಿಗಳ ಮಾತಿಗೆ ಕಿವಿಗೊಡುತ್ತಾನೆ. ಕಾಡಿನಲ್ಲಿ ಕಡತವಿಲ್ಲ. ಅಲ್ಲಿ ಬೇಕಾದ ಸುದ್ದಿ ಬೇರೆ ಬಗೆಯದು: ಯಾವ ಹಾದಿಯಲ್ಲಿ ಎಷ್ಟು ಜನ ನಡೆದುಹೋದರು, ಅವರ ಹಿಂದೆ ಹೊರೆಯ ಪ್ರಾಣಿಗಳೆಷ್ಟು, ಹೊಳೆಯನ್ನು ಎಲ್ಲಿ ದಾಟಿದರು, ಯಾವ ಹಳ್ಳಿಯಿಂದ ಎಷ್ಟು ಅಕ್ಕಿ ಕೇಳಿದರು, ಯಾವ ಇಳಿಜಾರಿನ ಮರಗಳನ್ನು ಹೊಸದಾಗಿ ಕಡಿದಿದ್ದಾರೆ. ಇದನ್ನು ತಿಳಿಯಬೇಕಾದರೆ ಆ ಹಾದಿಯಲ್ಲಿ ನಿತ್ಯ ನಡೆಯುವವನಾಗಿರಬೇಕು. ನಿನ್ನೆ ಆ ಹಾದಿ ಹೇಗಿತ್ತು ಎಂಬುದು ಗೊತ್ತಿರಬೇಕು. ಅಲ್ಲಿ ಕಾಣಿಸಿಕೊಂಡರೂ ಯಾರಿಗೂ ಸಂಶಯ ಬರಬಾರದು. ಬಿಳಿಯ ಮೈಬಣ್ಣದ ಅಧಿಕಾರಿಗೆ ಈ ಮೂರರಲ್ಲಿ ಒಂದೂ ಸಾಧ್ಯವಿರಲಿಲ್ಲ. ಸಂತೆಗೆ ಹೋಗುವ ಹೆಂಗಸು, ಬಿದಿರು ಕಡಿಯುವ ಹುಡುಗ, ಜಪಾನೀಯರಿಗಾಗಿ ಬಿಟ್ಟಿ ಹೊರೆ ಹೊತ್ತು ಮರಳಿದ ಮುದುಕ – ಸುದ್ದಿಯ ನಿಜವಾದ ಮೂಲ ಇವರು. ಅಧಿಕಾರಿಯ ಕೆಲಸ ಆ ಸುದ್ದಿಗಳನ್ನು ಕೂಡಿಸಿ, ತೂಗಿ, ಸಂಕೇತಲಿಪಿಗೆ ಇಳಿಸಿ, ನಿಸ್ತಂತು ಯಂತ್ರದ ಮೂಲಕ ಕಳುಹಿಸುವುದು. ಅದೂ ಕಷ್ಟದ ಕೆಲಸವೇ, ಪ್ರಾಣವನ್ನು ಪಣಕ್ಕಿಡುವ ಕೆಲಸವೇ. ಆದರೆ ಅದು ಎರಡನೆಯ ಕೆಲಸ. ಸ್ಮೃತಿಕಥನಗಳಲ್ಲಿ ಅದೇ ಮೊದಲನೆಯದಾಗಿ, ಕೆಲವೆಡೆ ಏಕೈಕವಾಗಿ ಕಾಣಿಸಿಕೊಳ್ಳುತ್ತದೆ.

ಆ ನಿಸ್ತಂತು ಯಂತ್ರದ ಕಥೆಯನ್ನೇ ತೆಗೆದುಕೊಳ್ಳಬಹುದು. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಆಸ್ಟ್ರೇಲಿಯದ ನೌಕಾಪಡೆಯು 'ಕೋಸ್ಟ್‌ವಾಚರ್' ಎಂಬ ಕಾವಲುಜಾಲವನ್ನು ನಡೆಸುತ್ತಿತ್ತು. ಎರಿಕ್ ಫೆಲ್ಟ್ ಅದರ ಸೂತ್ರಧಾರ. ಗುಡ್ಡದ ನೆತ್ತಿಯಲ್ಲಿ ಒಬ್ಬನೇ ಕುಳಿತು ಜಪಾನೀ ಹಡಗುಗಳನ್ನು ಎಣಿಸುವ ಧೀರ ಎಂಬ ಚಿತ್ರ ಲೋಕಪ್ರಸಿದ್ಧವಾಗಿದೆ. ಆದರೆ ಅವನ ಟೆಲಿರೇಡಿಯೊ ಯಂತ್ರ, ಅದರ ಬ್ಯಾಟರಿಗಳು, ಬ್ಯಾಟರಿಗೆ ವಿದ್ಯುತ್ತು ತುಂಬುವ ಎಂಜಿನ್, ಎಂಜಿನ್ನಿಗೆ ಬೇಕಾದ ಇಂಧನ – ಇಷ್ಟನ್ನೂ ಒಂದು ಗುಡ್ಡದಿಂದ ಇನ್ನೊಂದಕ್ಕೆ ಸಾಗಿಸಲು ಹನ್ನೆರಡಕ್ಕೂ ಹೆಚ್ಚು ಹೊರೆಯಾಳುಗಳು ಬೇಕಾಗಿದ್ದರು. ಹನ್ನೆರಡು ಜನ ಹೊತ್ತು ನಡೆಯದೆ 'ಒಬ್ಬಂಟಿ' ಕಾವಲುಗಾರನು ಒಂದು ಹೆಜ್ಜೆಯನ್ನೂ ಇಡಲಾರನು. ಶತ್ರುವಿನ ಕೈಗೆ ಸಿಕ್ಕದೆ ದಿನದಿನಕ್ಕೂ ನೆಲೆ ಬದಲಿಸಬೇಕಾದವನಿಗೆ ಒಂದು ಹೆಜ್ಜೆ ಎಂದರೆ ಜೀವ. ಒಂಟಿತನವೆಂಬುದು ಇಲ್ಲಿ ಸತ್ಯಸಂಗತಿಯಲ್ಲ, ಕಥನತಂತ್ರ. ಈ ತಂತ್ರವನ್ನು ಗುರುತಿಸುವುದು ಸಾಹಿತ್ಯವಿಮರ್ಶೆಯ ಕೆಲಸವಲ್ಲದೆ ಮತ್ತಾರದು?

ಸೋಮದೇವಸೂರಿಯ ಅಳತೆಗೋಲು

ಬೇಹುಗಾರಿಕೆಯ ನೀತಿಯನ್ನು ಚರ್ಚಿಸಲು ಪಶ್ಚಿಮದ ಯುದ್ಧಶಾಸ್ತ್ರವನ್ನೇ ಆಶ್ರಯಿಸಬೇಕಾಗಿಲ್ಲ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿ ತನ್ನ 'ನೀತಿವಾಕ್ಯಾಮೃತ'ದಲ್ಲಿ ಚಾರಸಮುದ್ದೇಶವೆಂಬ ಒಂದು ಪ್ರಕರಣವನ್ನೇ ಇದಕ್ಕಾಗಿ ಮೀಸಲಿರಿಸಿದ್ದಾನೆ. ಈತ 959ರಲ್ಲಿ 'ಯಶಸ್ತಿಲಕ ಚಂಪು'ವನ್ನು ಮುಗಿಸಿದವನು. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ಮನೆತನದ ಆಶ್ರಯದಲ್ಲಿಯೇ ಬಾಳಿದವನು. ಸ್ವಮಂಡಲವನ್ನೂ ಪರಮಂಡಲವನ್ನೂ ನೋಡಲು ಅರಸನಿಗೆ ಚರರೇ ಕಣ್ಣು ಎಂಬ ಪರಂಪರಾಗತ ಮಾತನ್ನು ಅವನೂ ಹೇಳುತ್ತಾನೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಚರನಲ್ಲಿರಬೇಕಾದ ಗುಣಗಳನ್ನು ಎಣಿಸುವಾಗ ಚಾಪಲ್ಯವಿಲ್ಲದಿರುವುದು, ಜಡತೆಯಿಲ್ಲದಿರುವುದು, ಸುಳ್ಳಾಡದಿರುವುದು, ಊಹಾಪೋಹ ಶಕ್ತಿ ಎಂದು ಲೆಕ್ಕ ಕೊಡುತ್ತಾನೆ. ಚರನು ನೋಡಿದ್ದನ್ನು ಒಪ್ಪಿಸುವ ಯಂತ್ರವಲ್ಲ, ಯೋಚಿಸುವ ಮನುಷ್ಯ ಎಂಬ ಅರಿವು ಈ ಪಟ್ಟಿಯಲ್ಲಿದೆ. ಇನ್ನೂ ಎರಡು ಮಾತುಗಳು ಗಮನಾರ್ಹ. ಮೂವರು ಚರರ ಮಾತು ಒಂದಾದಾಗ ಸುದ್ದಿಯನ್ನು ನಂಬಬೇಕು ಎನ್ನುವುದು ಒಂದು. ಚರರಿಗೆ ತೃಪ್ತಿಯಾಗುವಂತೆ ಕೊಡುವುದೇ ಅವರ ವೇತನ ಎನ್ನುವುದು ಇನ್ನೊಂದು. ಮೊದಲನೆಯದು ಪ್ರಮಾಣದ ಪ್ರಶ್ನೆ, ಎರಡನೆಯದು ಋಣದ ಪ್ರಶ್ನೆ. ಒಬ್ಬನ ಸಾಕ್ಷ್ಯವನ್ನೇ ಪೂರ್ಣಸತ್ಯವೆಂದು ಹಿಡಿಯುವಂತಿಲ್ಲ; ಸುದ್ದಿ ತಂದವನ ಋಣವನ್ನು ಉಳಿಸಿಕೊಳ್ಳುವಂತಿಲ್ಲ. ಇಪ್ಪತ್ತನೆಯ ಶತಮಾನದ ಕಾಡಿನ ಯುದ್ಧವನ್ನೂ ಅದರ ಸಾಹಿತ್ಯವನ್ನೂ ಅಳೆಯಲು ಈ ಎರಡು ಮಾನದಂಡಗಳು ಸಾಕು.

ಕಾವ್ಯದಲ್ಲಿಯೂ ಒಂದು ನಿದರ್ಶನವಿದೆ. 634ರ ಐಹೊಳೆ ಶಾಸನದಲ್ಲಿ ಜೈನಕವಿ ರವಿಕೀರ್ತಿಯು ಕಾಳಿದಾಸನೊಂದಿಗೆ ಹೆಸರಿಸುವ ಭಾರವಿಯ 'ಕಿರಾತಾರ್ಜುನೀಯ' ಆರಂಭವಾಗುವುದೇ ಒಬ್ಬ ವನೇಚರ ಬೇಹುಗಾರನಿಂದ. ಬ್ರಹ್ಮಚಾರಿಯ ವೇಷದಲ್ಲಿ ದುರ್ಯೋಧನನ ರಾಜ್ಯವನ್ನು ಸುತ್ತಿ, ದ್ವೈತವನಕ್ಕೆ ಮರಳಿ, ಯುಧಿಷ್ಠಿರನ ಮುಂದೆ ನಿಲ್ಲುವ ಈ ಕಾಡಿನ ಮನುಷ್ಯನಿಗೆ ಭಾರವಿಯು ಸರ್ಗದ ಅರ್ಧಕ್ಕೆ ಸಮೀಪವಾದಷ್ಟು ಭಾಗವನ್ನು ಮಾತನಾಡಲು ಬಿಟ್ಟುಕೊಟ್ಟಿದ್ದಾನೆ. ಅವನು ಅರಸನಿಗೆ ಇಷ್ಟವಾಗುವುದನ್ನು ಹೇಳುವುದಿಲ್ಲ. ಶತ್ರು ಚೆನ್ನಾಗಿ ಆಳುತ್ತಿದ್ದಾನೆ ಎಂಬ ಕಹಿಸತ್ಯವನ್ನು ಹೇಳುತ್ತಾನೆ. ಹೇಳಿದ ಮೇಲೆ ಸತ್ಕಾರ ಪಡೆದು ಹೊರಟುಹೋಗುತ್ತಾನೆ. ಅವನಿಗೆ ಮಾತು ಇದೆ, ಮರ್ಯಾದೆ ಇದೆ. ಹೆಸರು ಮಾತ್ರ ಇಲ್ಲ. ಪ್ರಾಚೀನ ಕಾವ್ಯದ ಈ ಲೋಪವನ್ನು ಮನ್ನಿಸಬಹುದು, ಏಕೆಂದರೆ ಅದು ಚರಿತ್ರೆಯೆಂದು ಹೇಳಿಕೊಳ್ಳುವುದಿಲ್ಲ. ಆಧುನಿಕ ಸ್ಮೃತಿಕಥನವು ಚರಿತ್ರೆಯೆಂದೇ ಹೇಳಿಕೊಳ್ಳುತ್ತದೆ. ಆದರೂ ಹಲವೆಡೆ ಹೆಸರನ್ನಷ್ಟೇ ಅಲ್ಲ, ಮಾತನ್ನೂ ಕಸಿದುಕೊಂಡಿದೆ.

'ನಿಷ್ಠೆ' ಎಂಬ ಸುಲಭ ಪದ

1942ರಲ್ಲಿ ಬರ್ಮಾದಿಂದ ಹಿಂದೆಗೆದ ಬ್ರಿಟಿಷ್ ಸೇನೆಯು ಭಾರತದ ಪೂರ್ವಗಡಿಯ ಉದ್ದಕ್ಕೂ 'ವಿ ಫೋರ್ಸ್' ಎಂಬ ಬೇಹುಪಡೆಯನ್ನು ಕಟ್ಟಿತು. ಅಸ್ಸಾಂ ರೈಫಲ್ಸ್‌ನ ಕೆಲವು ತುಕಡಿಗಳು ಮತ್ತು ಸ್ಥಳೀಯವಾಗಿ ಸೇರಿಸಿಕೊಂಡ ಗುಡ್ಡಗಾಡಿನ ಜನ ಅದರ ಬಲ. ಉತ್ತರ ಕಾಚಾರ್ ಬೆಟ್ಟಗಳಲ್ಲಿ ಝೆಮೆ ನಾಗಾ ಜನರ ನಡುವೆ ವಾಸವಾಗಿದ್ದ ಅರ್ಸುಲಾ ಗ್ರಹಾಂ ಬೋವರ್ ಎಂಬ ಆಂಗ್ಲ ಮಹಿಳೆ ಆ ಪಡೆಯ ಒಂದು ಕಾವಲುಜಾಲವನ್ನು ನಡೆಸಿದಳು. 1945ರ ಆರಂಭದಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಅವಳನ್ನು ಕುರಿತು ಬರೆಯಿತು. ಅಲ್ಲಿನ ಚಿತ್ರಕಥೆಯೊಂದು ಅವಳನ್ನು ಕಾಡಿನ ರಾಣಿಯನ್ನಾಗಿ ಮಾಡಿತು. ನಾಗರು ಅವಳ ಸುತ್ತ ಕುಣಿಯುವ 'ನಿಷ್ಠಾವಂತ' ಹಿನ್ನೆಲೆಯಾದರು.

ನಡೆದುದಾದರೂ ಏನು? ಝೆಮೆ ಜನರು ಬ್ರಿಟಿಷರಿಗೆ ನಿಷ್ಠರಾಗಿರಲು ಕಾರಣವೇ ಇರಲಿಲ್ಲ. ಅವರ ಸೋದರ ಸಮುದಾಯವಾದ ರೊಂಗ್‌ಮೈ ಜನರಲ್ಲಿ ಹುಟ್ಟಿ ಮೂರೂ ಬಳಗಗಳನ್ನು ಒಂದುಗೂಡಿಸಲು ಹೊರಟ ಜಾದೋನಾಂಗ್‌ನನ್ನು ಬ್ರಿಟಿಷ್ ಸರ್ಕಾರ 1931ರ ಆಗಸ್ಟ್ 29ರಂದು ಇಂಫಾಲದಲ್ಲಿ ಗಲ್ಲಿಗೇರಿಸಿತ್ತು. ಅವನ ಚಳವಳಿಯನ್ನು ಮುಂದುವರಿಸಿದ ಗೈಡಿನ್‌ಲ್ಯೂ 1932ರ ಅಕ್ಟೋಬರ್‌ನಲ್ಲಿ ಸೆರೆಸಿಕ್ಕಳು. ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಜೀವಾವಧಿ ಶಿಕ್ಷೆ ಹೊತ್ತ ಅವಳು ಯುದ್ಧದ ವರ್ಷಗಳನ್ನೆಲ್ಲ ಸೆರೆಮನೆಯಲ್ಲಿ ಕಳೆದು 1947ರಲ್ಲಿ ಬಿಡುಗಡೆಯಾದಳು. ಎಂದರೆ, ತಮ್ಮ ನಾಯಕಿಯನ್ನು ಸೆರೆಯಲ್ಲಿಟ್ಟ ಸರ್ಕಾರಕ್ಕಾಗಿ ಆ ಜನರು ಕಾಡಿನ ಹಾದಿಗಳನ್ನು ಕಾದರು. ಝೆಮೆಯರಲ್ಲಿ ಕೆಲವರು ಬೋವರ್‌ಳಲ್ಲಿ ಗೈಡಿನ್‌ಲ್ಯೂವನ್ನೇ ಕಂಡರೆಂಬ ಸಂಗತಿ ಪ್ರಸಿದ್ಧವಾಗಿದೆ. ಇದನ್ನು ಮುಗ್ಧರ ಮೂಢನಂಬಿಕೆಯೆಂದು ನಗುತ್ತ ಹೇಳುವುದು ರೂಢಿ. ಅದರೊಳಗಿನ ರಾಜಕೀಯವನ್ನು ಓದಿದವರು ವಿರಳ: ಆ ಜನರು ಒಪ್ಪಿಕೊಂಡದ್ದು ಸಾಮ್ರಾಜ್ಯವನ್ನಲ್ಲ, ತಮ್ಮಿಂದ ಕಸಿದುಕೊಂಡ ನಾಯಕತ್ವವೇ ಬೇರೊಂದು ರೂಪದಲ್ಲಿ ಮರಳಿತೆಂದು ಭಾವಿಸಿ ಅದನ್ನು ಒಪ್ಪಿಕೊಂಡರು.

ಬೋವರ್‌ಳ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 1950ರಲ್ಲಿ ಪ್ರಕಟವಾದ ಅವಳ 'ನಾಗಾ ಪಾತ್' ಈ ಪ್ರಕಾರದ ಇತರ ಪುಸ್ತಕಗಳಿಗಿಂತ ಪ್ರಾಮಾಣಿಕವಾದುದು. ಅವಳ ಬಲಗೈಯಾಗಿದ್ದ ನಾಮ್‌ಕಿಯಾ ಅಲ್ಲಿ ಹೆಸರುಳ್ಳ, ಹಠವುಳ್ಳ, ವಾದಿಸುವ ವ್ಯಕ್ತಿಯಾಗಿ ಬರುತ್ತಾನೆ. 1944ರಲ್ಲಿ ಜಪಾನೀಯರು ಇಂಫಾಲ–ಕೊಹಿಮಾ ಕಡೆಗೆ ನುಗ್ಗಿದಾಗ ನಡೆದ ಪ್ರಸಂಗವೊಂದನ್ನು ಅವಳು ದಾಖಲಿಸಿದ್ದಾಳೆ. ನಾಮ್‌ಕಿಯಾ ಮೊದಲಾದವರು ರಜೆ ಕೇಳಿ ಮನೆಗೆ ಹೋದರು. ಕೈಬಿಟ್ಟು ಹೋದರೋ ಎಂಬ ಶಂಕೆ ಮೂಡಿತು. ಅವರು ಮರಳಿ ಬಂದರು. ಹೋದದ್ದು ಮಕ್ಕಳನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಲು, ಮನೆಯ ವ್ಯವಹಾರವನ್ನು ಇತ್ಯರ್ಥಪಡಿಸಲು; ಸಾಯುವವರು ಧರಿಸತಕ್ಕ ಒಡವೆಗಳನ್ನು ತೊಟ್ಟು ಅವರು ಬಂದಿದ್ದರು. ಇದನ್ನು ಸೇವಕರ ನಿಷ್ಠೆಯೆಂದು ಕರೆದು ಮುಂದೆ ಸಾಗುವ ಓದು ಕುರುಡು ಓದು. ಲೆಕ್ಕ ಹಾಕಿ, ಮನೆಯವರೊಂದಿಗೆ ಮಾತನಾಡಿ, ಸಾವನ್ನು ಎದುರಿಟ್ಟುಕೊಂಡು ಕೈಗೊಂಡ ನಿರ್ಧಾರ ಇದು. ಪುಸ್ತಕವು ಇದನ್ನು ಕಾಣಿಸುತ್ತದೆ. ಓದುಗರು ರಾಣಿಯನ್ನು ಮಾತ್ರ ಕಂಡರು. ದೋಷ ಬರೆದವರದ್ದಷ್ಟೇ ಅಲ್ಲ, ಓದಿದವರದೂ ಹೌದು.

ನಾಗರೆಲ್ಲರೂ ಒಂದೇ ಪಕ್ಷವನ್ನು ಆರಿಸಿಕೊಳ್ಳಲಿಲ್ಲವೆಂಬುದೂ ಮುಖ್ಯ. ಮುಂದೆ ನಾಗಾ ರಾಷ್ಟ್ರೀಯ ಚಳವಳಿಯ ನಾಯಕನಾದ ಎ. ಝಡ್. ಫಿಜೋ ಆಗ ಬರ್ಮಾದಲ್ಲಿದ್ದು, ನಾಗರ ಸ್ವಾತಂತ್ರ್ಯದ ಆಸೆಯಿಂದ ಸುಭಾಷಚಂದ್ರ ಬೋಸರ ಸೇನೆಯ ಕಡೆಗೆ ನಿಂತನು. ಅರಾಕಾನಿನಲ್ಲಿ ಇದೇ ಸಂಗತಿ ಇನ್ನೂ ದಾರುಣ ರೂಪ ತಾಳಿತು. 1942ರಲ್ಲಿ ಅಲ್ಲಿ ಮುಸ್ಲಿಮರಿಗೂ ಬೌದ್ಧರಿಗೂ ನಡುವೆ ಹಿಂಸೆ ಭುಗಿಲೆದ್ದು, ಮುಸ್ಲಿಮರು ಉತ್ತರಕ್ಕೂ ಬೌದ್ಧರು ದಕ್ಷಿಣಕ್ಕೂ ಓಡಿದರು. ಉತ್ತರದ ಮುಸ್ಲಿಮರು ವಿ ಫೋರ್ಸ್‌ನ ಕಣ್ಣು ಕಿವಿಗಳಾದರು. ಆಂಥೊನಿ ಇರ್ವಿನ್ 1945ರಲ್ಲಿ ಪ್ರಕಟಿಸಿದ 'ಬರ್ಮೀಸ್ ಔಟ್‌ಪೋಸ್ಟ್' ಅವರನ್ನು ಮನಸಾರೆ ಹೊಗಳುತ್ತದೆ. ಬೌದ್ಧರಲ್ಲಿ ಹಲವರು ಜಪಾನೀಯರ ಜೊತೆಗಿದ್ದರು. ಎರಡು ಸಾಮ್ರಾಜ್ಯಗಳು ಒಂದೇ ನೆಲದ ಇಬ್ಬರು ನೆರೆಯವರನ್ನು ಪರಸ್ಪರರ ಮೇಲೆ ಬೇಹು ನಡೆಸಲು ನಿಲ್ಲಿಸಿ, ಯುದ್ಧ ಮುಗಿದಾಗ ಹೊರಟುಹೋದವು. ನೆರೆಯವರು ಅಲ್ಲಿಯೇ ಉಳಿದರು. 2017ರಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ರೋಹಿಂಗ್ಯಾ ಜನರು ಅದೇ ಗಡಿಯನ್ನು ದಾಟಿ ಓಡಬೇಕಾಯಿತು. ಆ ದುರಂತಕ್ಕೆ ಕಾರಣಗಳು ಹಲವು. 1942ರ ಬಿರುಕು ಅವುಗಳಲ್ಲಿ ಒಂದು. ಇಂತಹ ನೆಲದಲ್ಲಿ ನಿಂತು ಕಾಡು ತಟಸ್ಥ ಎನ್ನುವುದು ಹೇಗೆ?

ತೀರದ ವೇತನ

ಸೋಮದೇವಸೂರಿ ಎತ್ತಿದ ವೇತನದ ಪ್ರಶ್ನೆಗೆ ಈಗ ಬರಬಹುದು. ಹದಿನಾಲ್ಕನೆಯ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ 1956ರ 'ಡಿಫೀಟ್ ಇಂಟು ವಿಕ್ಟರಿ'ಯಲ್ಲಿ ನಾಗರನ್ನು ಹೃದಯ ತುಂಬಿ ಕೊಂಡಾಡಿದ್ದಾನೆ. ಅವರು ದಾರಿ ತೋರಿಸಿದರು, ಸುದ್ದಿ ತಂದರು, ಗಾಯಾಳುಗಳನ್ನು ಗುಂಡಿನ ಮಳೆಯ ನಡುವೆ ಹೊತ್ತು ತಂದರು. ಹಲವು ಸಲ ಕೂಲಿಯನ್ನೂ ನಿರಾಕರಿಸಿದರು ಎಂಬುದು ಅವನ ಪ್ರಶಂಸೆಯ ಸಾರ. ಪ್ರಶಂಸೆ ಪ್ರಾಮಾಣಿಕವಾದುದೇ. ಆದರೆ ಕೂಲಿಯನ್ನು ನಿರಾಕರಿಸಿದವನ ಋಣ ತೀರಿತೆಂದು ಯಾವ ನೀತಿಶಾಸ್ತ್ರವೂ ಹೇಳುವುದಿಲ್ಲ, ಅದು ಇಮ್ಮಡಿಯಾಗುತ್ತದೆ. ಹೊಗಳಿಕೆಯನ್ನೇ ಸಂದಾಯವೆಂದು ಲೆಕ್ಕಕ್ಕೆ ಬರೆದುಕೊಳ್ಳುವ ಪರಿಪಾಠ ಈ ಸಾಹಿತ್ಯದಲ್ಲಿ ಬೇರೂರಿದೆ.

ಉತ್ತರ ಬರ್ಮಾದಲ್ಲಿ ಕಚಿನ್ ಜನರನ್ನು ಕೂಡಿಸಿಕೊಂಡು ಕೆಲಸ ಮಾಡಿದ ಅಮೆರಿಕದ 'ಡಿಟ್ಯಾಚ್‌ಮೆಂಟ್ 101' ಎಂಬ ಗುಪ್ತದಳ ಅಸ್ಸಾಮಿನ ನಾಝಿರಾದಲ್ಲಿ ನೆಲೆಯೂರಿತ್ತು. ಕಾಗದದ ಹಣಕ್ಕೆ ಬೆಲೆಯಿಲ್ಲದ ಆ ಬೆಟ್ಟಗಳಲ್ಲಿ ಅದು ಬೆಳ್ಳಿಯ ರೂಪಾಯಿಗಳನ್ನೂ ಅಫೀಮನ್ನೂ ಕೊಟ್ಟಿತು. ಆ ದಳವನ್ನು ಮುನ್ನಡೆಸಿದ ವಿಲಿಯಂ ಪೀರ್ಸ್ 1963ರ ತನ್ನ ಪುಸ್ತಕದಲ್ಲಿ ಇದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾನೆ. ಕಚಿನ್ನರ ಬಲ ಉಚ್ಛ್ರಾಯದಲ್ಲಿ ಹತ್ತು ಸಾವಿರದಷ್ಟಿತ್ತು. ಅವರು ತಂದ ಸುದ್ದಿಯ ಆಧಾರದ ಮೇಲೆ ಅಮೆರಿಕದ ವಿಮಾನಗಳು ಗುರಿಗಳನ್ನು ಆರಿಸಿಕೊಂಡವು. 1947ರ ಫೆಬ್ರವರಿ 12ರ ಪಾಂಗ್‌ಲಾಂಗ್ ಒಪ್ಪಂದದಲ್ಲಿ ಅವರಿಗೆ ಆಂತರಿಕ ಸ್ವಾಯತ್ತತೆಯ ಮಾತು ದೊರೆಯಿತು, ಮಾತು ನಡೆಯಲಿಲ್ಲ, 1961ರಲ್ಲಿ ಅವರು ಮತ್ತೆ ಆಯುಧ ಹಿಡಿದರು.

ಕರೆನ್ ಜನರ ಕಥೆ ಇನ್ನೂ ಕಠೋರ. ಅವರ ಬೆಟ್ಟಗಳಲ್ಲಿ ಅಡಗಿ ಕೆಲಸ ಮಾಡುತ್ತಿದ್ದ ಮೇಜರ್ ಹ್ಯೂ ಸೀಗ್ರಿಮ್‌ನನ್ನು ಹುಡುಕುತ್ತ ಜಪಾನೀಯರು ಹಳ್ಳಿಗರನ್ನು ಹಿಂಸಿಸಿದರು. ಆ ಹಿಂಸೆ ನಿಲ್ಲಲೆಂದು ಅವನು 1944ರ ಮಾರ್ಚಿಯಲ್ಲಿ ತಾನಾಗಿ ಶರಣಾದನು. ಸಂಗಾತಿಗಳನ್ನು ಬಿಡಬೇಕೆಂದು ಬೇಡಿಕೊಂಡನು. ಸೆಪ್ಟೆಂಬರ್‌ನಲ್ಲಿ ರಂಗೂನಿನಲ್ಲಿ ಅವನೊಂದಿಗೆ ಕರೆನ್ ಸಂಗಾತಿಗಳನ್ನೂ ಕೊಲ್ಲಲಾಯಿತು. ಸೀಗ್ರಿಮ್ ನಿಜವಾಗಿಯೂ ಉದಾತ್ತ ವ್ಯಕ್ತಿ. ಜಾರ್ಜ್ ಕ್ರಾಸ್ ಪದಕಕ್ಕೆ ಅರ್ಹನಾದವನು. 1947ರಲ್ಲಿ ಅವನ ಜೀವನಚರಿತ್ರೆಯೂ ಬಂತು. ಒಂದೇ ದಿನ, ಒಂದೇ ಕಾರಣಕ್ಕೆ ಸತ್ತವರಲ್ಲಿ ಒಬ್ಬನಿಗೆ ಚರಿತ್ರೆ, ಉಳಿದವರಿಗೆ ಒಂದು ವಾಕ್ಯ. ಕರೆನ್ನರು 1946ರಲ್ಲಿ ಲಂಡನ್ನಿಗೆ ನಿಯೋಗ ಕಳುಹಿಸಿ ಕೇಳಿಕೊಂಡರೂ ಅವರ ರಾಜ್ಯದ ಬೇಡಿಕೆ ಈಡೇರಲಿಲ್ಲ. 1949ರ ಜನವರಿಯಲ್ಲಿ ಆರಂಭವಾದ ಅವರ ಬಂಡಾಯ ಜಗತ್ತಿನ ಅತಿ ದೀರ್ಘ ಅಂತರ್ಯುದ್ಧಗಳಲ್ಲಿ ಒಂದಾಯಿತು.

ಮಲಯದಲ್ಲಿ ಚಾಪ್‌ಮನ್‌ನನ್ನು ಉಳಿಸಿದವರು ಬಹುಪಾಲು ಚೀನೀ ಮೂಲದ ಕಮ್ಯುನಿಸ್ಟ್ ಗೆರಿಲ್ಲಾಗಳು. ಆ ಗೆರಿಲ್ಲಾಗಳಿಗೆ ಅನ್ನವಿಟ್ಟವರು ಕಾಡಂಚಿನ ಬಡ ಕೃಷಿಕರು. ಇದನ್ನು ಚಾಪ್‌ಮನ್‌ನ ಪುಸ್ತಕವೇ ಪುಟಪುಟದಲ್ಲಿಯೂ ಸಾರುತ್ತದೆ. ಅದರ ಹೆಸರು ಮಾತ್ರ ಬೇರೆ ಕಥೆ ಹೇಳುತ್ತದೆ. ಆ ಪುಸ್ತಕ ಹೊರಬಂದ ಹೊತ್ತಿಗೆ ಮಲಯದಲ್ಲಿ ತುರ್ತುಸ್ಥಿತಿ ಜಾರಿಯಲ್ಲಿತ್ತು. 1950ರಿಂದ ಬ್ರಿಗ್ಸ್ ಯೋಜನೆಯಂತೆ ಕಾಡಂಚಿನ ಸುಮಾರು ಐದು ಲಕ್ಷ ಜನರನ್ನು ಎಬ್ಬಿಸಿ, ಮುಳ್ಳುತಂತಿ ಸುತ್ತಿದ 'ಹೊಸ ಹಳ್ಳಿ'ಗಳಿಗೆ ಒಯ್ಯಲಾಯಿತು. ಕಾಡಿನವರಿಗೆ ಅನ್ನವಿಡುವುದು ಯುದ್ಧಕಾಲದಲ್ಲಿ ಸಾಹಸವಾಗಿತ್ತು, ಐದು ವರ್ಷಗಳಲ್ಲಿ ಅಪರಾಧವಾಯಿತು. ಬ್ರಿಟಿಷ್ ಗುಪ್ತದಳಕ್ಕೂ ಗೆರಿಲ್ಲಾ ಪಡೆಗೂ ನಡುವೆ ಕೊಂಡಿಯಾಗಿದ್ದ ಚಿನ್ ಪೆಂಗ್‌ಗೆ ಯುದ್ಧಾನಂತರ ನೀಡಿದ ಗೌರವವನ್ನು ಸಾಮ್ರಾಜ್ಯವೇ ಹಿಂದಕ್ಕೆ ಪಡೆಯಿತು. ಅವನು 2013ರಲ್ಲಿ ಬ್ಯಾಂಕಾಕಿನಲ್ಲಿ ಪರದೇಶಿಯಾಗಿಯೇ ಸತ್ತನು. ಅದೇ ಬೇಹುಜಾಲದ ಲಿಮ್ ಬೊ ಸೆಂಗ್ 1944ರ ಜೂನ್ 29ರಂದು ಬಾಟು ಗಾಜಾ ಸೆರೆಮನೆಯಲ್ಲಿ ಪ್ರಾಣಬಿಟ್ಟವನು. ಸಿಂಗಾಪುರದಲ್ಲಿ ಅವನಿಗೆ ಸ್ಮಾರಕವಿದೆ, ಶಾಲೆಯ ಮಕ್ಕಳಿಗೆ ಅವನ ಹೆಸರು ಗೊತ್ತು. ಹೆಸರು ಉಳಿಯಲು ಶೌರ್ಯವೊಂದೇ ಸಾಲದು, ಹಿಂದೆ ಒಂದು ರಾಷ್ಟ್ರವಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕರೆನ್, ಕಚಿನ್, ಝೆಮೆಯರ ಬಹುಪಾಲು ಚರರು 'ನಿಷ್ಠಾವಂತ ಸ್ಥಳೀಯರು' ಆಗಿಯೇ ಉಳಿದರು.

ಸೊಲೊಮನ್ ದ್ವೀಪಗಳಿಂದ ಎರಡು ನಿದರ್ಶನಗಳು. ನಿವೃತ್ತ ಪೊಲೀಸ್ ಸಾರ್ಜೆಂಟ್ ಮೇಜರ್ ಜೇಕಬ್ ವೌಝಾ 1942ರ ಆಗಸ್ಟ್ 20ರಂದು ಜಪಾನೀಯರಿಗೆ ಸಿಕ್ಕಿಬಿದ್ದನು. ಮರಕ್ಕೆ ಕಟ್ಟಿ ಬಯೊನೆಟ್ಟಿನಿಂದ ತಿವಿದರೂ ಬಾಯಿಬಿಡಲಿಲ್ಲ. ಸತ್ತನೆಂದು ಬಿಟ್ಟುಹೋದ ಮೇಲೆ ಕಟ್ಟುಗಳನ್ನು ಬಿಡಿಸಿಕೊಂಡು, ಅಮೆರಿಕನ್ನರ ಸಾಲುಗಳನ್ನು ತಲುಪಿ, ಬರಲಿದ್ದ ದಾಳಿಯ ಸುದ್ದಿ ಕೊಟ್ಟನು. ಅವನಿಗೆ ಎರಡೂ ದೇಶಗಳ ಪದಕಗಳು ಬಂದವು. 1979ರಲ್ಲಿ ನೈಟ್ ಪದವಿಯೂ ದೊರೆಯಿತು. ಹೀಗೆ ಹೆಸರುಳಿದವನು ಅಪವಾದ. 1943ರ ಆಗಸ್ಟ್‌ನಲ್ಲಿ ದೋಣಿ ಒಡೆದು ದ್ವೀಪ ಸೇರಿದ್ದ ಜಾನ್ ಎಫ್. ಕೆನಡಿಯ ತಂಡವನ್ನು ಕಂಡುಹಿಡಿದು, ತೆಂಗಿನಕಾಯಿಯ ಮೇಲೆ ಕೆತ್ತಿದ ಅವನ ಸಂದೇಶವನ್ನು ಶತ್ರುವಿನ ಕಡಲಿನಲ್ಲಿ ಹುಟ್ಟುಹಾಕಿ ಒಯ್ದವರು ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ. ಕೆನಡಿ ಅಧ್ಯಕ್ಷನಾದಾಗ ಕೋಸ್ಟ್‌ವಾಚರ್ ರೆಜಿನಾಲ್ಡ್ ಇವಾನ್ಸ್ 1961ರಲ್ಲಿ ಶ್ವೇತಭವನಕ್ಕೆ ಹೋದನು; ತೆಂಗಿನಕಾಯಿಯೂ ಅಧ್ಯಕ್ಷನ ಮೇಜಿನ ಮೇಲಿತ್ತು. ಅದನ್ನು ಹೊತ್ತು ಹೋದ ಇಬ್ಬರು ಅಲ್ಲಿಗೆ ಹೋಗಲಾಗಲಿಲ್ಲ.

ಆಕ್ಷೇಪಗಳು, ಉತ್ತರಗಳು

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಬೇಹುಗಾರಿಕೆಯಲ್ಲಿ ಹೆಸರು ಮುಚ್ಚಿಡುವುದು ಚರರ ರಕ್ಷಣೆಗಾಗಿಯೇ ಎಂಬುದು ಮೊದಲನೆಯದು. ಯುದ್ಧಕಾಲಕ್ಕೆ ಇದು ಸತ್ಯ. ಆದರೆ ಮರಣದಂಡನೆಗೆ ಗುರಿಯಾದವನ ಹೆಸರನ್ನು ಮುಚ್ಚಿಟ್ಟು ಯಾರಿಂದ ರಕ್ಷಿಸಬೇಕು? ಅಧಿಕಾರಿಯ ಹೆಸರನ್ನು ಬಯಲುಮಾಡಿ, ಹೊರೆಯಾಳಿನ ಹೆಸರನ್ನು ಮಾತ್ರ ಮುಚ್ಚಿಡುವ ಗೋಪ್ಯತೆ ರಕ್ಷಣೆಯಲ್ಲ.

ಆ ಜನರು ಬರೆದಿಡಲಿಲ್ಲ, ಆದುದರಿಂದ ಚರಿತ್ರೆ ಅಸಾಧ್ಯ ಎಂಬುದು ಎರಡನೆಯ ಆಕ್ಷೇಪ. ಬರೆದಿಡದವರು ಹೇಳದೆ ಇರಲಿಲ್ಲ. ಸೊಲೊಮನ್ ದ್ವೀಪವಾಸಿಗಳ ಯುದ್ಧನೆನಪುಗಳು 'ದಿ ಬಿಗ್ ಡೆತ್' ಎಂಬ ಸಂಪುಟವಾಗಿ 1988ರಲ್ಲಿಯೇ ಹೊರಬಂದಿವೆ. ಕೊಹಿಮಾದ ಕಾಳಗವನ್ನು ಅಂಗಾಮಿ ಕುಟುಂಬವೊಂದರ ಒಳಗಿನಿಂದ ಕಾಣಿಸುವ ಈಸ್ಟರೀನ್ ಕಿರೆಯ 'ಮಾರಿ' 2010ರಲ್ಲಿ ಬಂದಿದೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಯುದ್ಧಸಾಹಿತ್ಯವನ್ನು ಕುರಿತು ಸಿದ್ಧವಾಗುವ ಪ್ರಬಂಧಗಳು ಇವುಗಳನ್ನು ಸ್ಲಿಮ್, ಚಾಪ್‌ಮನ್‌ರ ಪಕ್ಕದಲ್ಲಿಟ್ಟು ಓದುವುದು ಅಪರೂಪ. ಆಕರವಿಲ್ಲದಿರುವುದು ಒಂದು ಕಷ್ಟ; ಇರುವ ಆಕರವನ್ನು ನೋಡದಿರುವುದು ಬೇರೆಯೇ ಸಂಗತಿ.

ಮೂರನೆಯದು ಸಿದ್ಧಾಂತಪ್ರಿಯರ ಆಕ್ಷೇಪ. ಸಾಮ್ರಾಜ್ಯದ ಪಠ್ಯದಲ್ಲಿ ಅಧೀನರ ದನಿ ಎಂದಿಗೂ ಕೇಳಿಸದು, ಅದನ್ನು ಹುಡುಕುವುದೇ ಭ್ರಮೆ ಎಂದು ಅವರು ಹೇಳುತ್ತಾರೆ. ಇದು ಪಾಂಡಿತ್ಯದ ವೇಷ ತೊಟ್ಟ ಸೋಮಾರಿತನ. ನಾಮ್‌ಕಿಯಾ ವಾದಿಸುವುದು ಆಂಗ್ಲ ಮಹಿಳೆಯ ಪುಸ್ತಕದಲ್ಲಿಯೇ. ಕೇಳಿಸದು ಎಂದು ತೀರ್ಮಾನಿಸಿ ಕಿವಿ ಮುಚ್ಚಿಕೊಂಡ ವಿಮರ್ಶಕನೂ ಕಾಡಿನ ರಾಣಿಯನ್ನು ಮಾತ್ರ ಕಂಡ ಪತ್ರಿಕಾ ಓದುಗನೂ ಕೊನೆಗೆ ತಲುಪುವ ತಾಣ ಒಂದೇ.

ಈ ದೋಷ ಬ್ರಿಟಿಷರಿಗೆ ಮಾತ್ರ ಸೀಮಿತವೆಂದು ಭಾವಿಸುವುದೂ ಸಲ್ಲದು. ಭಾರತೀಯ ಸೈನಿಕರನ್ನು ಒಲಿಸಿಕೊಳ್ಳಲು ಜಪಾನ್ ಕಳುಹಿಸಿದ ಗುಪ್ತದಳದ ಮುಖ್ಯಸ್ಥ ಫುಜಿವಾರಾ ಇವಾಇಚಿ ಕೂಡ ಸ್ಮೃತಿಕಥನ ಬರೆದಿದ್ದಾನೆ. ಅಲ್ಲಿಯೂ ಘಟನೆಗಳ ಕೇಂದ್ರದಲ್ಲಿ ನಿಂತಿರುವವನು ಆತನೇ. ಪ್ರಕಾರದ ಸ್ವಭಾವವೇ ಹಾಗೆ. ಆದುದರಿಂದಲೇ ಓದುಗನ ಹೊಣೆ ಹೆಚ್ಚು.

ಓದುವ ಕ್ರಮ

ಜೈನ ತರ್ಕಶಾಸ್ತ್ರದಲ್ಲಿ ನಯಕ್ಕೂ ದುರ್ನಯಕ್ಕೂ ಭೇದವಿದೆ. ವಸ್ತುವಿನ ಒಂದು ಮುಖವನ್ನು ಹಿಡಿದು ಹೇಳುವುದು ನಯ. ಆ ಮುಖವೇ ಇಡೀ ವಸ್ತುವೆಂದು ಸಾಧಿಸಿ ಉಳಿದ ಮುಖಗಳನ್ನು ಅಲ್ಲಗಳೆಯುವುದು ದುರ್ನಯ. ಅಧಿಕಾರಿಯ ಸ್ಮೃತಿಕಥನ ಒಂದು ನಯ. ಅದಕ್ಕೆ ಬೆಲೆಯಿದೆ, ಅದನ್ನು ಸುಡಬೇಕಾಗ��ಲ್ಲ. ಅದನ್ನೇ ಕಾಡಿನ ಯುದ್ಧದ ಚರಿತ್ರೆಯೆಂದು ಪಾಠ ಹೇಳುವುದು, ಅದರ ಆಧಾರದಿಂದಲೇ ಪ್ರಬಂಧ ಬರೆದು ಪದವಿ ಪಡೆಯುವುದು ದುರ್ನಯ. ಮೂವರ ಮಾತು ಒಂದಾಗುವವರೆಗೆ ಸುದ್ದಿಯನ್ನು ನಂಬಬೇಡ ಎಂದು ಅರಸನಿಗೆ ಹೇಳಿದ ಸೋಮದೇವಸೂರಿ, ಒಬ್ಬನ ಮಾತನ್ನೇ ನಂಬುವ ಸಂಶೋಧಕನಿಗೆ ಏನು ಹೇಳುತ್ತಿದ್ದನೆಂಬುದನ್ನು ಊಹಿಸಬಹುದು.

ಇಂತಹ ಪುಸ್ತಕವೊಂದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಪ್ರತಿ ಅಧ್ಯಾಯಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಹೊರೆಯನ್ನು ಯಾರು ಹೊತ್ತರು? ಅಂದು ರಾತ್ರಿ ಉಂಡ ಅಕ್ಕಿ ಯಾರ ಕಣಜದ್ದು? ಬರೆದವನು ಮನೆಗೆ ಮರಳಿದ ಮೇಲೆ ಅಲ್ಲಿಯೇ ಉಳಿದವರಿಗೆ ಏನಾಯಿತು? 'ಸುದ್ದಿ ಬಂತು', 'ಎಚ್ಚರಿಕೆ ದೊರೆಯಿತು' ಎಂಬಂತಹ ಕರ್ತೃವಿಲ್ಲದ ವಾಕ್ಯಗಳು ಎದುರಾದಲ್ಲೆಲ್ಲ ಕರ್ತೃವನ್ನು ಹುಡುಕಬೇಕು. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹಲವು ಸಲ ಆ ಪುಸ್ತಕದಲ್ಲಿಯೇ, ಲೇಖಕನು ಅಲಕ್ಷ್ಯದಿಂದ ಬಿಟ್ಟುಹೋದ ವಾಕ್ಯಗಳಲ್ಲಿ ದೊರೆಯುತ್ತದೆ. ಮೂರನೆಯದಕ್ಕೆ ಪುಸ್ತಕದಿಂದ ಹೊರಗೆ ಬರಬೇಕು. ಪಾಂಗ್‌ಲಾಂಗ್‌ಗೆ, ಮಲಯದ ಮುಳ್ಳುತಂತಿಯ ಹಳ್ಳಿಗಳಿಗೆ, ಅರಾಕಾನಿನ ಗಡಿಗೆ ಹೋಗಬೇಕು.

ಕೊಹಿಮಾದ ಯುದ್ಧಸ್ಮಶಾನದಲ್ಲಿ 1,420 ಸಮಾಧಿಗಳಿವೆ. ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳ ಸ್ಮಾರಕವೂ ಇದೆ. ಅಲ್ಲಿ ಸೈನಿಕರ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡಲಾಗಿದೆ. ಆ ಸೈನಿಕರಿಗೆ ಶತ್ರು ಬರುವ ಹಾದಿಯನ್ನು ಹೇಳಿದವರ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ಇನ್ನೂ ಉಳಿದಿದೆ. ಅದನ್ನು ಸೇನೆಗಳು ಮಾಡಲಾರವು; ಪಠ್ಯಗಳನ್ನು ಸಾಲುಸಾಲಾಗಿ ಓದಲು ಕಲಿತವರು ಮಾಡಬೇಕು.